ಫ್ರೀಲಾನ್ಸ್ ಕೆಲಸಕ್ಕೆ ದಿನಕ್ಕೆ ಎಷ್ಟು ಕೇಳಬೇಕು? ಜಾಸ್ತಿ ಆಯ್ತು ಅಂದರೆ ಏನು ಹೇಳಬೇಕು?

ನಿಮ್ಮ ಪ್ರಶ್ನೆ ನನಗೆ ಅರ್ಥವಾದದ್ದು ಇಷ್ಟು. ನೌಕರಿ ಬಿಟ್ಟು ಸ್ವಂತವಾಗಿ ಕಾಂಟ್ರಾಕ್ಟ್ ಕೆಲಸ ಶುರು ಮಾಡಿದ್ದೀರಿ. ಹಳೆಯ ತಿಂಗಳ ಸಂಬಳವನ್ನು 22ರಿಂದ ಭಾಗಿಸಿ, ಬಂದದ್ದನ್ನೇ ದಿನದ ರೇಟ್ ಅಂತ ಹೇಳಿದ್ದೀರಿ. ಕಂಪನಿಯವರು ಅದಕ್ಕೂ "ಸ್ವಲ್ಪ ಜಾಸ್ತಿ ಆಯ್ತು" ಅಂದಿದ್ದಾರೆ. ಇಳಿಸಬೇಕಾ ಅಂತ ಕೇಳಿದ್ದೀರಿ.

ಇಳಿಸಬೇಡಿ. ನೀವು ಹೇಳಿರುವುದೇ ಕಮ್ಮಿ. ನಾನೂ ಹಲವು ವರ್ಷಗಳಿಂದ ದಿನದ ಲೆಕ್ಕದಲ್ಲೇ ಕೆಲಸ ಮಾಡುತ್ತಿದ್ದೇನೆ. ಮೊದಲು ಲೆಕ್ಕ ನೋಡೋಣ, ಚೌಕಾಸಿ ಆಮೇಲೆ.

ವರ್ಷಕ್ಕೆ 365 ದಿನ. ಶನಿವಾರ, ಭಾನುವಾರ ಸೇರಿ 104 ಹೋದರೆ ಉಳಿಯುವುದು 261. ಸಾರ್ವಜನಿಕ ರಜೆ, ನಿಮ್ಮ ಸ್ವಂತ ರಜೆ, ಜ್ವರ ಬಂದು ಮಲಗುವ ದಿನ ಎಲ್ಲ ಸೇರಿ 40 ಅಂತ ಇಟ್ಟುಕೊಳ್ಳಿ. ಅಲ್ಲಿಗೆ 221. ಇದಿಷ್ಟಕ್ಕೂ ಬಿಲ್ ಮಾಡಬಹುದಾ? ಆಗಲ್ಲ. ಹೊಸ ಕೆಲಸ ಹುಡುಕಬೇಕು, ಪ್ರಪೋಸಲ್ ಬರೆಯಬೇಕು, ಇನ್‌ವಾಯ್ಸ್ ಕಳಿಸಬೇಕು, ಬಾಕಿ ಕೇಳಬೇಕು, ಟ್ಯಾಕ್ಸ್ ಲೆಕ್ಕ ನೋಡಬೇಕು. ಗಂಟೆಗಟ್ಟಲೆ ಮಾತಾಡಿ ಕೊನೆಗೆ ಏನೂ ಆಗದ ಮೀಟಿಂಗ್‌ಗಳು ಬೇರೆ. ಇದಕ್ಕೆಲ್ಲ ಯಾರೂ ದುಡ್ಡು ಕೊಡುವುದಿಲ್ಲ. ಒಂದು ಕೆಲಸ ಮುಗಿದು ಇನ್ನೊಂದು ಶುರುವಾಗುವ ತನಕ ಖಾಲಿ ವಾರಗಳೂ ಇರುತ್ತವೆ. ಮೂರರಲ್ಲಿ ಒಂದು ಪಾಲು ಹೀಗೆ ಹೋಯಿತು ಅಂದುಕೊಂಡರೆ ಕೈಗೆ ಸಿಗುವುದು 150 ದಿನದ ಆಸುಪಾಸು. ಮೊದಲ ವರ್ಷಕ್ಕೆ ಇನ್ನೂ ಕಮ್ಮಿ ಇಟ್ಟುಕೊಂಡರೆ ವಾಸಿ.

ನೀವು 22ರಿಂದ ಭಾಗಿಸಿದಾಗ ವರ್ಷಕ್ಕೆ 264 ದಿನದ ಬಿಲ್ ಆಗುತ್ತದೆ ಅಂತ ಲೆಕ್ಕ ಹಾಕಿದ ಹಾಗಾಯಿತು. ವಾರದ ರಜೆ ಬಿಟ್ಟರೆ ವರ್ಷದಲ್ಲಿ ಇರುವುದೇ 261!

ಇನ್ನು ಭಾಗಿಸಬೇಕಾದ ಮೊತ್ತ. ನಿಮ್ಮ ವರ್ಷದ ಸಂಬಳ 100 ಇತ್ತು ಅಂತಿರಲಿ. ಹಳೆಯ ಕಂಪನಿಗೆ ನಿಮ್ಮ ಮೇಲೆ ಬೀಳುತ್ತಿದ್ದ ಖರ್ಚು ಅದಕ್ಕಿಂತ ಜಾಸ್ತಿ. ವಿಮೆ, ನಿವೃತ್ತಿ ನಿಧಿಗೆ ಅವರ ಪಾಲು, ಲ್ಯಾಪ್‌ಟಾಪ್, ಸಾಫ್ಟ್‌ವೇರ್ ಲೈಸೆನ್ಸ್, ತರಬೇತಿ, ಕೂರಲು ಜಾಗ. ಈಗ ಅದೆಲ್ಲ ನಿಮ್ಮ ಜೇಬಿನಿಂದ ಹೋಗಬೇಕು. ಅದಕ್ಕೆ 30 ಸೇರಿಸಿ, 130 ಆಯಿತು. ಅದನ್ನು 150 ದಿನಕ್ಕೆ ಹಂಚಿದರೆ ದಿನಕ್ಕೆ 0.87. ನೀವು ಕೇಳಿದ್ದು 100ನ್ನು 264ಕ್ಕೆ ಹಂಚಿ, ಅಂದರೆ 0.38. ಹಳೆಯ ಸಂಬಳದ ಮಟ್ಟದಲ್ಲಿ ಇರಬೇಕಾದರೂ ನೀವು ಇದರ ಎರಡು ಪಟ್ಟಿಗಿಂತ ಜಾಸ್ತಿ ಕೇಳಬೇಕಿತ್ತು. 30, 40 ಅನ್ನುವುದೆಲ್ಲ ನನ್ನ ಅಂದಾಜು. ನಿಮ್ಮ ನಿಜವಾದ ಖರ್ಚು ಹಾಕಿ ನೋಡಿ, ಆದರೂ ಫಲಿತಾಂಶ ತೀರಾ ಬದಲಾಗಲಿಕ್ಕಿಲ್ಲ.

ಆದರೆ ಈ ಲೆಕ್ಕವನ್ನು ಕ್ಲೈಂಟ್ ಮುಂದೆ ಇಡಬೇಡಿ. ನಿಮ್ಮ ವಿಮೆ ಎಷ್ಟು ಅನ್ನುವುದು ಅವರಿಗೆ ಬೇಕಿಲ್ಲ. ಇದು ನಿಮ್ಮ ತಳದ ರೇಟ್, ಇದಕ್ಕಿಂತ ಕೆಳಗಾದರೆ ನೌಕರಿಯೇ ವಾಸಿ ಅನ್ನುವ ಗೆರೆ. ಕೇಳುವ ರೇಟನ್ನು ಮಾರ್ಕೆಟ್ ನೋಡಿ ಗೊತ್ತು ಮಾಡಬೇಕು. ನಿಮ್ಮದೇ ಕೆಲಸ ಮಾಡುವ ನಾಲ್ಕು ಜನರನ್ನು ವಿಚಾರಿಸಿ. "ನಿಮ್ಮ ರೇಟ್ ಎಷ್ಟು?" ಅಂದರೆ ಮುಜುಗರ ಪಡುತ್ತಾರೆ. "ಇಂಥ ಕೆಲಸ ಬಂದರೆ ನೀವಾದರೆ ಎಷ್ಟು ಕೋಟ್ ಮಾಡ್ತಿದ್ರಿ?" ಅಂದರೆ ಹೇಳುತ್ತಾರೆ. ಎಲ್ಲರೂ ಹೇಳುವುದು ನಿಮ್ಮ ತಳಕ್ಕಿಂತ ಕೆಳಗಿದ್ದರೆ, ಅದನ್ನು ಮಾತಿನಲ್ಲಿ ಸರಿ ಮಾಡಲು ಆಗುವುದಿಲ್ಲ. ಕೆಲಸದ ಬಗೆ ಬದಲಿಸಬೇಕು, ಇಲ್ಲ ಕ್ಲೈಂಟ್‌ಗಳನ್ನು ಬದಲಿಸಬೇಕು.

ಈಗ ಚೌಕಾಸಿಗೆ ಬರೋಣ. ಮೊದಲು ಅವರ ಬಾಯಲ್ಲೇ ಸಂಖ್ಯೆ ಹೊರಡಿಸಿ ಅಂತ ತುಂಬಾ ಜನ ಹೇಳುತ್ತಾರೆ. ಮಾರ್ಕೆಟ್ ರೇಟ್ ಗೊತ್ತಿಲ್ಲದಿದ್ದರೆ ಸರಿ. ಗೊತ್ತಿದ್ದರೆ ನೀವೇ ಮೊದಲು ಹೇಳುವುದು ಮೇಲು ಅನ್ನುವುದು ನನ್ನ ಅಭಿಪ್ರಾಯ. ಟ್ವೆರ್ಸ್ಕಿ ಮತ್ತು ಕಾನೆಮನ್ ಅನ್ನುವ ಇಬ್ಬರು ಮನಶ್ಶಾಸ್ತ್ರಜ್ಞರು 1974ರಲ್ಲಿ ಬರೆದ ಒಂದು ಪ್ರಯೋಗ ಇದೆ. 10 ಅಥವಾ 65ರಲ್ಲೇ ನಿಲ್ಲುವ ಹಾಗೆ ಮಾಡಿಟ್ಟ ಚಕ್ರವನ್ನು ಜನರ ಮುಂದೆ ತಿರುಗಿಸಿ, ವಿಶ್ವಸಂಸ್ಥೆಯ ದೇಶಗಳಲ್ಲಿ ಆಫ್ರಿಕಾದ್ದು ಶೇಕಡಾ ಎಷ್ಟು ಅಂತ ಕೇಳಿದರು. 10 ನೋಡಿದವರ ಅಂದಾಜು 25ರ ಹತ್ತಿರ, 65 ನೋಡಿದವರದು 45ರ ಹತ್ತಿರ. ಸಂಬಂಧವೇ ಇಲ್ಲದ ಸಂಖ್ಯೆ ಇಷ್ಟು ಎಳೆಯುತ್ತದೆ ಅಂದರೆ, ಮೇಜಿನ ಮೇಲೆ ಬಿದ್ದ ಮೊದಲ ರೇಟ್ ಎಳೆಯದೇ ಇರುತ್ತದಾ? "ಇಷ್ಟರಿಂದ ಇಷ್ಟು" ಅಂತ ಮಾತ್ರ ಹೇಳಬೇಡಿ. ಅವರ ಕಿವಿಗೆ ಬೀಳುವುದು ಕೆಳಗಿನ ಸಂಖ್ಯೆ ಒಂದೇ. ಒಂದೇ ರೇಟ್ ಹೇಳಿ ಸುಮ್ಮನಾಗಿ. ಆ ಮೌನ ತಡೆಯಲಾಗದೆ "ಆದ್ರೂ ನೋಡೋಣ, ಅಡ್ಜಸ್ಟ್ ಮಾಡ್ಕೊಳ್ಳೋಣ" ಅನ್ನುವವರು ಎಷ್ಟೋ ಜನ.

"ಜಾಸ್ತಿ ಆಯ್ತು" ಅಂದಾಗ ನಾನು ಕೇಳುವುದು, "ಯಾವುದಕ್ಕೆ ಹೋಲಿಸಿದರೆ ಜಾಸ್ತಿ ಅನಿಸ್ತಿದೆ?" ನೌಕರರ ಸಂಬಳಕ್ಕೆ ಹೋಲಿಸಿದ್ದರೆ ಆ ಹೋಲಿಕೆಯೇ ತಪ್ಪು, ಕಾರಣ ಮೇಲೆ ನೋಡಿದೆವು. ಇನ್ನೊಬ್ಬರ ಕೊಟೇಶನ್‌ಗೆ ಹೋಲಿಸಿದ್ದರೆ ಅವರು ಏನೇನು ಸೇರಿಸಿದ್ದಾರೆ ಅಂತ ಕೇಳಬೇಕು. ಬಜೆಟ್‌ಗೆ ಹೋಲಿಸಿದ್ದರೆ, ಅದು ಒಟ್ಟು ಮೊತ್ತದ ಸಮಸ್ಯೆ. ದೊಡ್ಡ ಕಂಪನಿಗಳಲ್ಲಿ ಮ್ಯಾನೇಜರ್ ತಾನೇ ಸಹಿ ಹಾಕಬಹುದಾದ ಮೊತ್ತಕ್ಕೆ ಮಿತಿ ಇರುತ್ತದೆ. ಅದನ್ನು ದಾಟಿದರೆ ಫೈಲ್ ಪರ್ಚೇಸ್ ವಿಭಾಗಕ್ಕೆ ಹೋಗುತ್ತದೆ. ರೇಟ್ ಹಾಗೇ ಇಟ್ಟು ದಿನ ಕಮ್ಮಿ ಮಾಡಿದರೆ ಅಂಥ ಗಂಟು ಬಿಚ್ಚಿಕೊಳ್ಳುತ್ತದೆ.

ಇಳಿಸಲೇಬೇಕು ಅಂದರೆ ಪುಕ್ಕಟೆ ಇಳಿಸಬೇಡಿ, ಬದಲಿಗೆ ಏನಾದರೂ ಕೇಳಿ. 100 ಬಂದರೆ 30 ಖರ್ಚಿಗೆ ಹೋಗಿ 70 ಉಳಿಯುತ್ತದೆ ಅಂತಿಟ್ಟುಕೊಳ್ಳಿ. ಶೇಕಡಾ 10 ಬಿಟ್ಟರೆ ಉಳಿಯುವುದು 60. ಅಂದರೆ ನಿಮ್ಮ ಕೈಗೆ ಬರುವುದರಲ್ಲಿ ಶೇಕಡಾ 14 ಹೋಯಿತು. ಅಷ್ಟು ಬಿಟ್ಟುಕೊಡುವಾಗ ನಾನು ಕಳಿಸುವ ಮೆಸೇಜ್ ಸಾಮಾನ್ಯವಾಗಿ ಹೀಗಿರುತ್ತದೆ:

"ನನ್ನ ದಿನದ ರೇಟ್ ಮೊದಲು ಹೇಳಿದಷ್ಟೇ. ನೀವು ಮುಂದಿನ ಮೂರು ತಿಂಗಳಿಗೆ 40 ದಿನ ಈಗಲೇ ಖಚಿತ ಮಾಡಿ, ಇನ್‌ವಾಯ್ಸ್ ಬಂದ 10 ದಿನದೊಳಗೆ ಪೇಮೆಂಟ್ ಮಾಡುವುದಾದರೆ ಶೇಕಡಾ 8 ಕಮ್ಮಿ ಮಾಡಬಲ್ಲೆ. ದಿನಗಳನ್ನು ಬಳಸಲಿ ಬಿಡಲಿ, 40ಕ್ಕೂ ಬಿಲ್ ಆಗುತ್ತದೆ. ಈ ಶುಕ್ರವಾರದೊಳಗೆ ತಿಳಿಸಿ."

"ಈಗ ಕಮ್ಮಿಗೆ ಮಾಡಿಕೊಡಿ, ಮುಂದೆ ತುಂಬಾ ಕೆಲಸ ಇದೆ" ಅನ್ನುವವರಿಗೂ ಇದೇ ಉತ್ತರ. ಕೆಲಸ ನಿಜವಾಗಿ ಇದ್ದರೆ ಬರೆದು ಕೊಡಲು ಅವರಿಗೇನು ಕಷ್ಟ, ಅಲ್ವಾ?

ರೇಟಿಗಿಂತ ಹೆಚ್ಚು ಜಗಳ ಆಗುವುದು "ಒಂದು ದಿನ" ಅಂದರೆ ಎಷ್ಟು ಅನ್ನುವುದರ ಮೇಲೆ. ಎಂಟು ಗಂಟೆಯೋ, ಅವರು ಬಿಡುವ ತನಕವೋ? ಊಟದ ಹೊತ್ತು ಸೇರಿಯೋ ಬಿಟ್ಟೋ? ಪ್ರಯಾಣದ ದಿನಕ್ಕೆ ಪೂರ್ತಿಯೋ ಅರ್ಧವೋ? ಮುಂಚೆಯೇ ಬರೆದುಕೊಳ್ಳಿ. ಒಂದು ಕಂಪನಿಯವರು ನನಗೆ ದಿನಕ್ಕೆ ಒಂದೇ ಗಂಟೆ ಬೇಕು, ವಾರಕ್ಕೆ ಐದು ಗಂಟೆಗೆ ಬಿಲ್ ಮಾಡಿ ಅಂದರು. ಕೇಳಲು ಸರಿ ಅನಿಸುತ್ತದೆ. ಆದರೆ ಆ ಗಂಟೆ ಬೆಳಿಗ್ಗೆ 11ಕ್ಕೆ. ಅದರ ಹಿಂದೆ ಮುಂದೆ ಉಳಿದ ಚೂರುಗಳನ್ನು ಇನ್ನೊಬ್ಬ ಕ್ಲೈಂಟ್‌ಗೆ ಪೂರ್ತಿ ದಿನ ಅಂತ ಮಾರಲು ಆಗಲ್ಲ. ಐದೂ ದಿನ ಹಾಳು. ನನ್ನಲ್ಲಿ ಅರ್ಧ ದಿನಕ್ಕಿಂತ ಕಮ್ಮಿ ಬಿಲ್ ಇಲ್ಲ, ಐದು ಗಂಟೆಯನ್ನೂ ಒಂದೇ ದಿನಕ್ಕೆ ಹಾಕೋಣ ಅಂದೆ. ಒಪ್ಪಿದರು. ಅವರ ಟೀಮ್‌ಗೂ ಅದೇ ಅನುಕೂಲ ಆಯಿತು ಅನಿಸುತ್ತದೆ.

ಕ್ಯಾನ್ಸಲ್ ಮಾಡುವುದಕ್ಕೂ ಒಂದು ಸಾಲು ಬೇಕು. ಹಿಂದಿನ ದಿನ ಸಂಜೆ "ನಾಳೆ ಬೇಡ" ಅಂದರೆ ಆ ದಿನವನ್ನು ಬೇರೆಯವರಿಗೆ ಕೊಡಲು ಆಗುವುದಿಲ್ಲ. 48 ಗಂಟೆಯೊಳಗೆ ಬಿಟ್ಟರೆ ಅರ್ಧ ರೇಟ್ ಅಂತ ನಾನು ಹಾಕುತ್ತೇನೆ.

ರೇಟ್ ಏರಿಸುವುದನ್ನು ನೀವು ಕೇಳಿಲ್ಲ, ಆದರೂ ಹೇಳುತ್ತೇನೆ. ಹೊಸ ಕ್ಲೈಂಟ್‌ಗೆ ಮೊದಲು, ಹಳಬರಿಗೆ ಎರಡು ತಿಂಗಳು ಮುಂಚೆ ತಿಳಿಸಿ ಆಮೇಲೆ. ಎಲ್ಲರೂ ಒಂದೇ ಅಳತೆಯ ಕೆಲಸ ಕೊಡುತ್ತಿದ್ದರೆ, ಶೇಕಡಾ 10 ಏರಿಸಿದಾಗ ಹನ್ನೊಂದರಲ್ಲಿ ಒಬ್ಬರು ಬಿಟ್ಟು ಹೋದರೂ ಆದಾಯ ಅಷ್ಟೇ ಇರುತ್ತದೆ, ದಿನಗಳು ಉಳಿಯುತ್ತವೆ.

ಕೊನೆಯದು: ನಿಮಗೆ ಈ ಕೆಲಸ ಏಜೆನ್ಸಿ ಮೂಲಕ ಬಂದಿದ್ದರೆ, ಕ್ಲೈಂಟ್‌ಗೆ ಅವರು ದಿನಕ್ಕೆ ಎಷ್ಟು ಬಿಲ್ ಮಾಡುತ್ತಾರೆ ಅಂತ ನೇರವಾಗಿ ಕೇಳಿ. ಹೇಳದೇ ಇರಬಹುದು, ಕೇಳಿದರೆ ನಷ್ಟವಿಲ್ಲ. "ಜಾಸ್ತಿ ಆಯ್ತು" ಅಂದವರು ಕ್ಲೈಂಟೋ, ಕಮಿಷನ್ ಉಳಿಸಿಕೊಳ್ಳಲು ನೋಡುತ್ತಿರುವ ಏಜೆನ್ಸಿಯೋ ಅನ್ನುವುದು ಅಲ್ಲೇ ಗೊತ್ತಾಗುತ್ತದೆ. ಒಪ್ಪಂದದಲ್ಲಿ "ಕ್ಲೈಂಟ್ ಕೊಟ್ಟ ಮೇಲೆ ನಿಮಗೆ ಕೊಡುತ್ತೇವೆ" ಅನ್ನುವ ಅರ್ಥದ ಸಾಲು ಇದೆಯಾ ಅಂತಲೂ ನೋಡಿ. ಅದನ್ನು ತೆಗೆಸಿ ಖಚಿತ ತಾರೀಕು ಹಾಕಿಸಲು ಒಪ್ಪುವುದಾದರೆ, ತಳದ ರೇಟಿಗಿಂತ ಮೇಲೆ ಇರುವಷ್ಟರಲ್ಲಿ ನಾನಾದರೆ ಸ್ವಲ್ಪ ಬಿಟ್ಟುಕೊಡುತ್ತೇನೆ.