ಲ್ಯಾಂಥನೈಡೋ, ಲ್ಯಾಂಥನಾಯ್ಡೋ?

ಪ್ರಶ್ನೆ: ಮಗಳು ಎರಡನೇ ಪಿಯುಸಿ. ಅವಳ ಪುಸ್ತಕದಲ್ಲಿ ‘ಲ್ಯಾಂಥನಾಯ್ಡ್’ ಅಂತಿದೆ, ನಾವು ಓದಿದ್ದು ‘ಲ್ಯಾಂಥನೈಡ್’. ಪೇಪರಿನಲ್ಲಿ ‘ಅಪರೂಪದ ಭೂಲೋಹ’ ಅಂತ ಬರುತ್ತದೆ. ಎಲ್ಲ ಒಂದೇನಾ ಸರ್? ಅಷ್ಟು ಅಪರೂಪವಾ?
– ಓದುಗರು, ಗದಗ

ಉತ್ತರ: ನೀವು ಓದಿದ್ದೂ ಸರಿ, ಮಗಳ ಪುಸ್ತಕವೂ ಸರಿ. ಕ್ಲೋರೈಡ್, ಸಲ್ಫೈಡ್ ಥರ ‘ಐಡ್’ ಅಂತ ಮುಗಿಯುವ ಹೆಸರು ಸಾಮಾನ್ಯವಾಗಿ ಋಣ ಅಯಾನಿನದು, ಅಂದರೆ ಎಲೆಕ್ಟ್ರಾನ್ ಪಡೆದುಕೊಂಡ ಪರಮಾಣುವಿನದು. ಈ ಲೋಹಗಳೋ ಎಲೆಕ್ಟ್ರಾನ್ ಬಿಟ್ಟುಕೊಡುವಂಥವು. ಅದಕ್ಕೇ ರಾಸಾಯನಿಕ ಹೆಸರುಗಳನ್ನು ನಿರ್ಧರಿಸುವ ಅಂತರರಾಷ್ಟ್ರೀಯ ಸಂಸ್ಥೆ ಐಯುಪಿಎಸಿ ‘ಲ್ಯಾಂಥನಾಯ್ಡ್’ ಅನ್ನಿ ಎಂದಿತು. ಹಳೆಯ ಹೆಸರು ಬಳಕೆಯಲ್ಲಿ ಗಟ್ಟಿಯಾಗಿದ್ದರಿಂದ ಅದನ್ನೂ ಬಿಡಲಿಲ್ಲ. ಪರೀಕ್ಷೆಯಲ್ಲಿ ಮಗಳು ಪುಸ್ತಕದ್ದನ್ನೇ ಬರೆಯಲಿ. ಆವರ್ತಕ ಕೋಷ್ಟಕದಲ್ಲಿ 57ನೇ ಲ್ಯಾಂಥನಂನಿಂದ 71ನೇ ಲುಟೇಷಿಯಂವರೆಗೆ 15 ಧಾತುಗಳು. ಸ್ಕ್ಯಾಂಡಿಯಂ, ಇಟ್ರಿಯಂ ಸೇರಿಸಿದರೆ ಪೇಪರಿನವರು ಹೇಳುವ 17 ಭೂಲೋಹಗಳು.

ಆದರೆ ಅಪರೂಪ ಅಂತ ನಂಬಬೇಡಿ. ಭೂಮಿಯ ಹೊರಪದರದಲ್ಲಿ ಸೀರಿಯಂ ಹೆಚ್ಚುಕಮ್ಮಿ ತಾಮ್ರದಷ್ಟೇ ಇದೆ. ತೀರಾ ಕಡಿಮೆ ಸಿಗುವ ಥುಲಿಯಂ ಕೂಡ ಬೆಳ್ಳಿಗಿಂತ ಜಾಸ್ತಿ. ವಿಕಿರಣಶೀಲ ಪ್ರೊಮಿಥಿಯಂ ಒಂದೇ ನಿಜಕ್ಕೂ ಸಿಗದ್ದು.

ಕಷ್ಟ ಇರುವುದು ಒಂದರಿಂದ ಇನ್ನೊಂದನ್ನು ಬಿಡಿಸುವುದರಲ್ಲಿ. ಧಾರವಾಡದಲ್ಲಿ ಪಾಠ ಮಾಡುವಾಗ ನಾನು ಮಕ್ಕಳಿಗೆ ಒತ್ತಿ ಹೇಳುತ್ತಿದ್ದದ್ದು ಇದನ್ನೇ. ಈ ಸಾಲಿನಲ್ಲಿ ಮುಂದೆ ಹೋದಂತೆ ಹೊಸ ಎಲೆಕ್ಟ್ರಾನ್ ಹೋಗಿ ಸೇರುವುದು ಪರಮಾಣುವಿನ ಒಳಗಿನ 4ಎಫ್ ಎಂಬ ಉಪಕವಚದಲ್ಲಿ. ಹೊರಗಿನವು ಹಾಗೇ ಇರುತ್ತವೆ. ಬೇರೆ ಧಾತುವಿನ ಜೊತೆ ವ್ಯವಹಾರ ಮಾಡುವುದು ಮುಖ್ಯವಾಗಿ ಹೊರಗಿನವು ತಾನೇ? ಹಾಗಾಗಿ ಎಲ್ಲವುಗಳ ನಡತೆ ಒಂದೇ, ಬಹುತೇಕ ಮೂರು ಎಲೆಕ್ಟ್ರಾನ್ ಬಿಟ್ಟುಕೊಟ್ಟು +3 ಅಯಾನು ಆಗುತ್ತವೆ. ಅಯಾನಿನ ಗಾತ್ರ ಮಾತ್ರ ಚೂರುಚೂರೇ ಕಿರಿದಾಗುತ್ತದೆ. ಬೇರ್ಪಡಿಸುವವರಿಗೆ ಸಿಗುವ ಹಿಡಿತ ಅಷ್ಟೇ. ಸ್ವೀಡನ್ನಿನ ಮೊಸಾಂಡರ್ 1840ರ ದಶಕದಲ್ಲಿ ‘ಡಿಡಿಮಿಯಂ’ ಎಂಬ ಧಾತು ಸಿಕ್ಕಿತು ಎಂದರು. 1885ರಲ್ಲಿ ಆಸ್ಟ್ರಿಯಾದ ವೆಲ್ಸ್‌ಬಾಕ್, ಹರಳುಗಟ್ಟಿಸುವುದನ್ನು ಮತ್ತೆ ಮತ್ತೆ ಮಾಡಿ, ಅದರಲ್ಲಿ ಎರಡು ಧಾತು ಇವೆ ಎಂದು ತೋರಿಸಿದರು: ಪ್ರೆಸಿಯೊಡಿಮಿಯಂ, ನಿಯೊಡಿಮಿಯಂ. ನಾಲ್ಕು ದಶಕ ಯಾರಿಗೂ ಈ ಎರಡನ್ನು ಬಿಡಿಸಲು ಆಗಿರಲಿಲ್ಲ! ಇವತ್ತು ದ್ರಾವಕಗಳಿಂದ ಹಂತಹಂತವಾಗಿ ಬಿಡಿಸುತ್ತಾರೆ. ಹಂತ ನೂರಾರು, ಹೊಲಸು ನೀರೂ ಅಷ್ಟೇ. ಬೆಲೆ ಏರುವುದು ಅಲ್ಲಿ.

ಗ್ಯಾಸ್‌ಲೈಟಿನ ಮ್ಯಾಂಟಲ್ ಮಾಡಿದ್ದೂ ಅದೇ ವೆಲ್ಸ್‌ಬಾಕ್. ದೊಡ್ಡಾಟದ ರಾತ್ರಿ ನಮ್ಮೂರಲ್ಲಿ ಪೆಟ್ರೋಮ್ಯಾಕ್ಸ್ ಹಚ್ಚುವಾಗ ನಾನು ಪಕ್ಕದಲ್ಲೇ ಕೂತಿರುತ್ತಿದ್ದೆ. ಬಟ್ಟೆಯ ಪುಟ್ಟ ಚೀಲ ಉರಿದು ಹೋಗುತ್ತದೆ, ಆದರೆ ಅದರ ಆಕಾರ ಬಿಳಿ ಬಲೆಯಾಗಿ ಉಳಿಯುತ್ತದೆ. ಬೆರಳು ತಾಗಿದರೆ ಪುಡಿ. ಆ ಬಲೆಯಲ್ಲಿ ಸುಮಾರು 99 ಪಾಲು ಥೋರಿಯಂ ಆಕ್ಸೈಡ್, ಒಂದೇ ಪಾಲು ಸೀರಿಯಂ ಆಕ್ಸೈಡ್. ಆ ಒಂದು ಪಾಲು ತೆಗೆದರೆ ಬೆಳಕು ಮಂಕು.

ಮಗಳಿಗೆ ಲ್ಯಾಂಥನಾಯ್ಡ್ ಕೈಯಲ್ಲೇ ತೋರಿಸಬೇಕಾ? ಕೆಟ್ಟ ಇಯರ್‌ಫೋನ್ ಬಿಚ್ಚಿಸಿ. ಮೊಬೈಲ್ ರಿಪೇರಿ ಅಂಗಡಿಯಲ್ಲಿ ಸುಮ್ನೆ ಕೇಳಿದರೂ ಕೊಡುತ್ತಾರೆ. ಒಳಗಿರುವ ಹೊಳೆಯುವ ಬಿಲ್ಲೆ ಸಾಮಾನ್ಯವಾಗಿ ನಿಯೊಡಿಮಿಯಂ, ಕಬ್ಬಿಣ, ಬೋರಾನ್ ಸೇರಿದ ಅಯಸ್ಕಾಂತ. ಅಷ್ಟು ಚಿಕ್ಕದಾದರೂ ಸೂಜಿಯನ್ನು ದೂರದಿಂದಲೇ ಎಳೆದುಕೊಳ್ಳುತ್ತದೆ. ಮನೆಯಲ್ಲಿ ಪುಟ್ಟ ಮಕ್ಕಳಿದ್ದರೆ ಕೈಗೆ ಸಿಗದಂತೆ ಇಡಿ. ಇಂಥವು ಎರಡು ನುಂಗಿದರೆ ಕರುಳಿಗೆ ಅಪಾಯ.