ಲಟ್ರೆಲ್ ಸಾಲ್ಟರ್‌ನ ಚಿತ್ರಗಳಲ್ಲಿರುವುದು ಇರ್ನ್‌ಹ್ಯಾಮ್ ಹಳ್ಳಿಯೇ?

ಅರ್ಧ ಹೌದು. ಇಂಗ್ಲೆಂಡಿನ ಲಿಂಕನ್‌ಶೈರ್‌ನ ಇರ್ನ್‌ಹ್ಯಾಮ್ ಹಳ್ಳಿಯ ಜಮೀನ್ದಾರ ಸರ್ ಜೆಫ್ರಿ ಲಟ್ರೆಲ್ (1276–1345) ಬರೆಸಿದ, ಬೈಬಲಿನ ಕೀರ್ತನೆಗಳ ಸಚಿತ್ರ ಹಸ್ತಪ್ರತಿ ಇದು. ಕಾಲ ಸುಮಾರು 1320–40, ಚರ್ಮದ ಹಾಳೆಗಳು 309. 202ನೇ ಹಾಳೆಯ ಹಿಂಬದಿಯಲ್ಲಿ ಕುದುರೆಯೇರಿದ ಜೆಫ್ರಿಗೆ ಹೆಂಡತಿ ಶಿರಸ್ತ್ರಾಣವನ್ನೂ ಸೊಸೆ ಗುರಾಣಿಯನ್ನೂ ಕೊಡಲು ನಿಂತಿದ್ದಾರೆ. ಈ ಪ್ರತಿ ಮಾಡಿಸಿದವನು ಜೆಫ್ರಿಯೇ ಎಂಬ ಲ್ಯಾಟಿನ್ ಸಾಲೂ ಮೇಲಿದೆ.

ಹೆಸರಾದದ್ದು ಮಾತ್ರ ಪುಟದ ಅಂಚಿನ ಬೇಸಾಯದ ಚಿತ್ರಗಳು. 170ನೇ ಹಾಳೆಯಿಂದ ನೋಡುತ್ತಾ ಹೋಗಿ: ನಾಲ್ಕು ಎತ್ತಿನ ನೇಗಿಲು, ಬಿತ್ತನೆ, ಕುದುರೆ ಎಳೆಯುವ ಕುಂಟೆ, ಹಿಂದೆಯೇ ಕವಣೆ ಬೀಸಿ ಕಾಗೆ ಓಡಿಸುವವನು. ಬಿತ್ತುವವನ ಚೀಲಕ್ಕೇ ಕಾಗೆ ಬಾಯಿ ಹಾಕಿದೆ! ಆದರೆ ಇದನ್ನು ಊರಿನ ಫೋಟೊ ಎಂದುಕೊಂಡರೆ ತಪ್ಪಾಗುತ್ತದೆ. ಕೂಲಿಯಾಳುಗಳ ಬಟ್ಟೆಗೆ ಅಷ್ಟು ಬಣ್ಣ ಎಲ್ಲಿಂದ? ಚಿತ್ರಿಸಿದ್ದು ಒಡೆಯನಿಗೆ ಹಿತವಾಗುವ ಹಳ್ಳಿಯನ್ನು.

ಇಂಥ ಹಸ್ತಪ್ರತಿಗಳ ಚಿನ್ನದ ಹೊಳಪಿನ ಗುಟ್ಟೇನು? ಆ ಕಾಲದ ರೂಢಿಯಂತೆ ಜಿಪ್ಸಮ್‌ನಂಥ ಬಿಳಿ ಪುಡಿಗೆ ಅಂಟು ಬೆರೆಸಿ ಉಬ್ಬುತಳ ಹಚ್ಚುತ್ತಿದ್ದರು. ಒಣಗಿದ ಮೇಲೆ ಬಾಯಿಯ ಉಸಿರಿನಿಂದ ತೇವ ಮಾಡಿ, ಚಿನ್ನದ ರೇಕು ಕೂರಿಸಿ, ನುಣ್ಣನೆಯ ಕಲ್ಲು ಅಥವಾ ನಾಯಿಹಲ್ಲಿನಿಂದ ಉಜ್ಜುತ್ತಿದ್ದರು. ತೇವ ಕಡಿಮೆಯಾದರೆ ರೇಕು ಹಿಡಿಯದು, ಹೆಚ್ಚಾದರೆ ಉಜ್ಜುವಾಗ ತಳವೇ ಕಿತ್ತುಬರುತ್ತದೆ. ಬಣ್ಣ ತುಂಬುವುದು ಚಿನ್ನದ ಕೆಲಸ ಮುಗಿದ ಮೇಲೆಯೇ. ಇಲ್ಲವಾದರೆ ರೇಕು ಬಣ್ಣಕ್ಕೂ ಅಂಟಿಕೊಳ್ಳುತ್ತದೆ.

ಪ್ರತಿ ಈಗ ಲಂಡನ್ನಿನ ಬ್ರಿಟಿಷ್ ಲೈಬ್ರರಿಯಲ್ಲಿದೆ. ಇರ್ನ್‌ಹ್ಯಾಮ್‌ಗೇ ಹೋದರೆ ಸೇಂಟ್ ಆಂಡ್ರ್ಯೂ ಚರ್ಚಿನಲ್ಲಿ ಲಟ್ರೆಲ್ ಮನೆತನದ ಕಲ್ಲಿನ ಕೆತ್ತನೆ ನೋಡಬಹುದು.