24 ಮಂದಿಗೆ ಅವರವರ ರುಚಿಯ ಆಮ್ಲೆಟ್, ಒಂದೇ ಹಬೆಯಲ್ಲಿ

ಓದುಗರ ಪ್ರಶ್ನೆ, ಅಡುಗೆಮನೆಯ ಉತ್ತರ

ಪ್ರಶ್ನೆ: ಬರೋ ಭಾನುವಾರ ಬೀಗರು, ಅಣ್ಣನ ಮನೆಯವರು ಎಲ್ಲ ಸೇರಿ 24 ಮಂದಿ ನಮ್ಮಲ್ಲಿಗೆ ಬರ್ತಾರೆ. ಬೆಳಗಿನ ತಿಂಡಿಗೆ ಬ್ರೆಡ್ಡು, ಆಮ್ಲೆಟ್ಟು. ಒಬ್ಬರಿಗೆ ಈರುಳ್ಳಿ ಆಗಲ್ಲ, ಒಬ್ಬರಿಗೆ ಖಾರ ಇಲ್ದಿದ್ರೆ ಇಳಿಯಲ್ಲ, ಮಕ್ಕಳಿಗೆ ಚೀಸ್, ಅತ್ತೆಯವರಿಗೆ ಬಿ.ಪಿ., ಉಪ್ಪು ಬೇಡ. ಇರೋದು ಎರಡು ಬರ್ನರಿನ ಒಲೆ. ಜಿಪ್ ಇರೋ ಪ್ಲಾಸ್ಟಿಕ್ ಚೀಲಕ್ಕೆ ಮೊಟ್ಟೆ ಒಡೆದು ಹಾಕಿ, ಮೇಲೆ ಹೆಸರು ಬರೆದು, ಎಲ್ಲಾನೂ ಒಟ್ಟಿಗೆ ಕುದಿಯೋ ನೀರಿಗೆ ಬಿಡೋ ವಿಡಿಯೊ ನೋಡಿದೆ. ಮಾಡಬಹುದಾ?
– ವಿದ್ಯಾನಗರ, ದಾವಣಗೆರೆ

ಉತ್ತರ: ಆ ಉಪಾಯದಲ್ಲಿ ಅರ್ಧ ತುಂಬ ಒಳ್ಳೆಯದು, ಇನ್ನರ್ಧ ಬೇಡವೇ ಬೇಡ. ಎಲ್ಲರದ್ದೂ ಬೇರೆ ಬೇರೆ, ಬೇಯುವುದು ಮಾತ್ರ ಒಟ್ಟಿಗೆ ಎಂಬುದು ಒಳ್ಳೆಯ ಅರ್ಧ. ಬೇಡದ್ದು ಆ ಚೀಲ. ಜಿಪ್ ಚೀಲಗಳು ಪಾಲಿಥೀನಿನವು, ಸಾಮಾನು ಇಡುವುದಕ್ಕೆಂದು ಮಾಡಿದವು. ಕುದಿಯುವ ನೀರಿನ ಬಿಸಿಗೆ ಮೆತ್ತಗಾಗುತ್ತವೆ, ಪಾತ್ರೆಯ ಅಂಚಿಗೆ ತಾಗಿದಲ್ಲಿ ಕರಗಿ ತೂತು ಬೀಳಬಹುದು. ಅವನ್ನು ಕುದಿಸಬೇಡಿ ಎಂದು ತಯಾರಕರೇ ಹೇಳುತ್ತಾರೆ.

ಚೀಲದ ಕೆಲಸವನ್ನು ತಟ್ಟೆ ಇಡ್ಲಿ ಸ್ಟ್ಯಾಂಡು ಸೊಗಸಾಗಿ ಮಾಡುತ್ತದೆ. ಒಂದು ತಟ್ಟೆ, ಒಬ್ಬರ ಆಮ್ಲೆಟ್. ಸ್ಟೀಲಿನದೇ ಇರಲಿ, ತಟ್ಟೆಗಳಲ್ಲಿ ತೂತಿರಬಾರದು. ಅಲ್ಯೂಮಿನಿಯಂ ತಟ್ಟೆಯಲ್ಲಿ ಮೊಟ್ಟೆ ಬೂದುಬಣ್ಣಕ್ಕೆ ತಿರುಗುತ್ತದೆ.

ಲೆಕ್ಕ ಹೀಗೆ. ಕಾವಲಿಯ ಮೇಲೆ ಒಂದು ಆಮ್ಲೆಟ್‌ಗೆ 3 ನಿಮಿಷ ಹಿಡಿದರೂ 24ಕ್ಕೆ 72 ನಿಮಿಷ. ಅಷ್ಟು ಹೊತ್ತೂ ಒಬ್ಬರು ಒಲೆ ಮುಂದೆಯೇ ನಿಂತಿರಬೇಕು. ಆರು ತಟ್ಟೆಯ ಸ್ಟ್ಯಾಂಡಿನಲ್ಲಿ ಒಂದು ಸರದಿಗೆ 8–9 ನಿಮಿಷ, ತೆಗೆದು ತುಂಬುವುದಕ್ಕೆ 2–3 ನಿಮಿಷ. ಪಕ್ಕದ ಮನೆಯಿಂದ ಇನ್ನೊಂದು ಸ್ಟ್ಯಾಂಡ್ ತಂದು ಎರಡೂ ಬರ್ನರ್ ಹಚ್ಚಿದರೆ ಎರಡೇ ಸರದಿ, 25 ನಿಮಿಷದೊಳಗೆ ಮುಗಿಯಿತು.

ತಲೆಗೆ 2ರಂತೆ 48 ಮೊಟ್ಟೆ ಬೇಕು, 54 ತನ್ನಿ. ಪ್ರತಿಯೊಂದನ್ನೂ ಮೊದಲು ಸಣ್ಣ ಬಟ್ಟಲಿಗೆ ಒಡೆದು ನೋಡಿ ಆಮೇಲೆ ದೊಡ್ಡ ಪಾತ್ರೆಗೆ ಹಾಕಿ. ಬೇಸಗೆಯಲ್ಲಿ ಇದನ್ನು ಬಿಡಲೇಬೇಡಿ, ಕೆಟ್ಟದ್ದು ಒಂದು ಬಿದ್ದರೆ ಪಾತ್ರೆಯಷ್ಟೂ ಹೋಯಿತು. ಅತ್ತೆಯವರ ಎರಡು ಮೊಟ್ಟೆಯನ್ನು ಮೊದಲೇ ಬೇರೆ ಬಟ್ಟಲಿಗೆ ಎತ್ತಿಡಿ. ಉಳಿದದ್ದಕ್ಕೆ 12 ಮೊಟ್ಟೆಗೆ ಮಟ್ಟಸವಾಗಿ 1 ಟೀ ಚಮಚ ಪುಡಿ ಉಪ್ಪು, 4 ದೊಡ್ಡ ಚಮಚ ಹಾಲು, ಕಾಲು ಚಮಚ ಅರಿಸಿನ. ಫೋರ್ಕಿನಿಂದ ಹಳದಿ, ಬಿಳಿ ಒಂದಾಗುವವರೆಗೆ ಕಲಸಿದರೆ ಸಾಕು. ನೊರೆ ಬರುವಂತೆ ಬಡಿದರೆ ಹಬೆಯಲ್ಲಿ ಉಬ್ಬಿ, ಇಳಿಸಿದ ಕೂಡಲೇ ಕುಸಿದು ಕೂರುತ್ತದೆ.

ಒಳಗೆ ಹಾಕುವ ಪದಾರ್ಥಗಳ ವಿಷಯ ಸ್ವಲ್ಪ ಗಮನವಿಟ್ಟು ಓದಿ, ಹಬೆಯ ಆಮ್ಲೆಟ್ ಕೆಡುವುದು ಬಹುಪಾಲು ಇಲ್ಲೇ. ಕಾವಲಿಯಲ್ಲಾದರೆ ಈರುಳ್ಳಿಯ ನೀರು ಆರಿಹೋಗುತ್ತದೆ, ಹಬೆಯಲ್ಲಿ ಅದಕ್ಕೆ ದಾರಿಯಿಲ್ಲ. ಹಸಿ ಈರುಳ್ಳಿ ಹಾಕಿದರೆ ಕಚಕಚ ಎನ್ನುತ್ತದೆ, ಘಾಟೂ ಉಳಿಯುತ್ತದೆ. 6 ಮಧ್ಯಮ ಈರುಳ್ಳಿಯನ್ನು ಸಣ್ಣಗೆ ಹೆಚ್ಚಿ 2 ದೊಡ್ಡ ಚಮಚ ಶೇಂಗಾ ಎಣ್ಣೆಯಲ್ಲಿ 4 ನಿಮಿಷ ಬಾಡಿಸಿ, ಪೂರ್ತಿ ಆರಲು ಬಿಡಿ. ಬಿಸಿಯಿದ್ದಾಗ ಬೆರೆಸಿದರೆ ಮೊಟ್ಟೆ ಅಲ್ಲಲ್ಲೇ ಗಂಟು ಕಟ್ಟುತ್ತದೆ. ಟೊಮೆಟೊ ಬೀಜ, ತಿರುಳು ತೆಗೆದು ಹೊರಗಿನ ಭಾಗ ಮಾತ್ರ ಹೆಚ್ಚಿ. ದೊಣ್ಣೆ ಮೆಣಸಿನಕಾಯಿ ಬಾಡಿಸಬೇಕು. ಪಾಲಕ್, ಮೆಂತ್ಯ ಸೊಪ್ಪು ಬಾಡಿಸಿ ಹಿಂಡಿ. ಹಸಿಮೆಣಸಿನಕಾಯಿ, ಕೊತ್ತಂಬರಿ, ಕರಿಬೇವು ಹಸಿಯಾಗಿಯೇ ಚೆನ್ನ. ಎಲ್ಲವನ್ನೂ ಬೇರೆ ಬೇರೆ ಬಟ್ಟಲಲ್ಲಿ ಸಾಲಾಗಿ ಇಟ್ಟು, ಬಂದವರಿಗೇ ಒಂದೊಂದು ತಟ್ಟೆ ಕೊಟ್ಟುಬಿಡಿ. ಬೇಕಾದ್ದು ಅವರೇ ಹಾಕಿಕೊಳ್ಳಲಿ. ಒಟ್ಟು 2 ದೊಡ್ಡ ಚಮಚ ಮೀರದಿರಲಿ, ಜಾಸ್ತಿಯಾದರೆ ಎತ್ತುವಾಗ ಮುರಿಯುತ್ತದೆ.

ತಟ್ಟೆಗೆ ಸವರಲು ಬೆಣ್ಣೆಯೇ ಸರಿ. ನಮ್ಮೂರಲ್ಲಿ ಅದಕ್ಕೇನು ಬರವೇ? ಎಣ್ಣೆ ಜಾರಿ ನಡುಮಧ್ಯಕ್ಕೆ ಇಳಿದುಬಿಡುತ್ತದೆ, ಬೆಣ್ಣೆ ಅಂಚಿನಲ್ಲೂ ನಿಲ್ಲುತ್ತದೆ. ಪದಾರ್ಥ ಹರಡಿ, ಮೇಲಿಂದ ಮೊಟ್ಟೆ ಹೊಯ್ಯಿರಿ. ಎರಡು ಮೊಟ್ಟೆಯ ಮಿಶ್ರಣ ಸುಮಾರು 100 ಮಿ.ಲೀ. ಆಗುತ್ತದೆ. ಹಿಂದಿನ ದಿನವೇ ಅಷ್ಟು ನೀರು ಹೊಯ್ದು ನೋಡಿ. ಅಂಚಿಗೆ ಅರ್ಧ ಸೆಂ.ಮೀ. ಜಾಗ ಉಳಿಯದಿದ್ದರೆ ತಟ್ಟೆ ಚಿಕ್ಕದು, ಆಗ ಒಂದೂವರೆ ಮೊಟ್ಟೆಯ ಅಳತೆಗೆ ಇಳಿಸಿ.

ನೀರು ಚೆನ್ನಾಗಿ ಕುದಿ ಬಂದ ಮೇಲೆ ಸ್ಟ್ಯಾಂಡ್ ಇಟ್ಟು ಉರಿ ಮಧ್ಯಮಕ್ಕೂ ಕಡಿಮೆ ಮಾಡಿ. ಮುಚ್ಚಳಕ್ಕೆ ಒಳಗಡೆಯಿಂದ ತೆಳು ಬಟ್ಟೆ ಕಟ್ಟಿ, ಬಟ್ಟೆಯ ತುದಿಗಳನ್ನು ಮೇಲಕ್ಕೆ ಗಂಟು ಹಾಕಿ, ಉರಿಗೆ ತಾಗಬಾರದು. 8 ನಿಮಿಷಕ್ಕೆ ತೆರೆದು ತಟ್ಟೆಯನ್ನು ಮೆಲ್ಲಗೆ ಅಲ್ಲಾಡಿಸಿ. ನಡುವೆ ನೀರಿನಂತೆ ತುಳುಕಿದರೆ ಇನ್ನೂ ಒಂದೆರಡು ನಿಮಿಷ. ಚಾಕು ಚುಚ್ಚಿದಾಗ ಹಸಿ ಮೊಟ್ಟೆ ಅಂಟದಿದ್ದರೆ ಇಳಿಸಿ.

ಯಾರದ್ದು ಯಾವುದೆಂಬ ಗೊಂದಲಕ್ಕೆ ಮೇಲೆ ಗುರುತು ಇಡಿ. ಖಾರದ್ದಕ್ಕೆ ಮೆಣಸಿನಕಾಯಿಯ ಒಂದು ಬಿಲ್ಲೆ, ಈರುಳ್ಳಿ ಇಲ್ಲದ್ದಕ್ಕೆ ಕರಿಬೇವಿನ ಎಲೆ, ಉಪ್ಪಿಲ್ಲದ್ದಕ್ಕೆ ಟೊಮೆಟೊ ಚೂರು. ಕಂದು ಬಣ್ಣ ಇಲ್ಲದಿದ್ದರೆ ಅದು ಆಮ್ಲೆಟ್ಟೇ ಅಲ್ಲ ಎನ್ನುವವರೂ ಇರುತ್ತಾರೆ. ಅಂಥವರದ್ದನ್ನು ಕಾದ ಕಾವಲಿಗೆ ಅರ್ಧ ಚಮಚ ಎಣ್ಣೆ ಹಾಕಿ ಒಂದು ಬದಿ 20–30 ಸೆಕೆಂಡ್ ಕೆಂಪಗೆ ಮಾಡಿ ಕೊಡಿ. ಶೇಂಗಾ ಚಟ್ನಿಪುಡಿ ಬೇಕಾದವರು ಬೆಂದ ಮೇಲೆ ಉದುರಿಸಿಕೊಳ್ಳಲಿ. ಮೊದಲೇ ಹಾಕಿದರೆ ನೆನೆದು ಮುದ್ದೆಯಾಗುತ್ತದೆ.

ಪ್ರಶ್ನೆ: ಇಡ್ಲಿ ಪಾತ್ರೆಯಲ್ಲಿ ಬಟ್ಟಲಿಟ್ಟು ಮೊಟ್ಟೆ ಬೇಯಿಸಿದೆ. ಒಳಗೆಲ್ಲ ತೂತು ತೂತು, ತಳದಲ್ಲಿ ನೀರು, ಬದಿಯಲ್ಲಿ ಹಸಿರು. ಮೊಟ್ಟೆ ಹಳೇದಿತ್ತಾ?
– ಹೊಳಲ್ಕೆರೆ

ಉತ್ತರ: ಮೊಟ್ಟೆಯದ್ದೇನೂ ತಪ್ಪಿಲ್ಲ, ಉರಿ ಜಾಸ್ತಿಯಾಯಿತು. ಕಲಸಿದ ಮೊಟ್ಟೆ ಸುಮಾರು 73 ಡಿಗ್ರಿ ಸೆಲ್ಸಿಯಸ್‌ಗೇ ಗಟ್ಟಿಯಾಗುತ್ತದೆ. ಹಬೆ ನೂರರ ಹತ್ತಿರ ಇರುತ್ತದೆ. ಜೋರು ಉರಿಯಲ್ಲಿ ಬಿಟ್ಟರೆ ಮೊಟ್ಟೆಯ ಪ್ರೋಟೀನು ಬಿಗಿಯುತ್ತಾ ಹೋಗಿ ತನ್ನೊಳಗಿನ ನೀರನ್ನೇ ಹಿಂಡಿ ಹೊರಹಾಕುತ್ತದೆ, ತಳದಲ್ಲಿ ನಿಮಗೆ ಸಿಕ್ಕಿದ್ದು ಅದೇ. ಒಳಗಿನ ನೀರು ಕುದಿದು ಆವಿಯಾದ ಜಾಗವೇ ತೂತು. ಬಿಳಿಯ ಭಾಗದ ಗಂಧಕ ಹಳದಿಯ ಕಬ್ಬಿಣದ ಜೊತೆ ಸೇರಿ ಹಸಿರು ಬರುತ್ತದೆ, ತಿಂದರೆ ಅಪಾಯವಿಲ್ಲ.

ಬಟ್ಟಲು ಆಳವಿರುವುದರಿಂದ ನಡುಭಾಗ ಬೇಯುವ ಹೊತ್ತಿಗೆ ಅಂಚು ಮಿತಿಮೀರಿ ಬೆಂದಿರುತ್ತದೆ. ಬಟ್ಟಲೇ ಬೇಕೆಂದರೆ ಅರ್ಧ ಮಾತ್ರ ತುಂಬಿ, ಮುಚ್ಚಳ ಒಂದು ಬೆರಳಿನಷ್ಟು ಓರೆ ಮಾಡಿ, ಸಣ್ಣ ಉರಿಯಲ್ಲಿ 12–14 ನಿಮಿಷ ಇಡಿ. ಹಾಲು ಜಾಸ್ತಿ ಹಾಕಿದ್ದರೂ ನೀರು ಬಿಡುತ್ತದೆ.

ಪ್ರಶ್ನೆ: ಮಕ್ಕಳ ಹುಟ್ಟುಹಬ್ಬಕ್ಕೆ ಪಡ್ಡಿನ ಹಂಚಿನಲ್ಲಿ ಗುಂಡು ಆಮ್ಲೆಟ್ ಮಾಡಬೇಕೆಂದಿದ್ದೇನೆ. ಪಡ್ಡು ಸಲೀಸಾಗಿ ಏಳುತ್ತೆ, ಮೊಟ್ಟೆ ಹಾಕಿದರೆ ಅಂಟುತ್ತೆ.
– ಹರಿಹರ

ಉತ್ತರ: ಮೊಟ್ಟೆಯ ಪ್ರೋಟೀನು ಬರಿಯ ಲೋಹಕ್ಕೆ ಕಚ್ಚಿಕೊಳ್ಳುತ್ತದೆ, ಪಡ್ಡಿನ ಹಿಟ್ಟಿಗೆ ಆ ಗುಣ ಅಷ್ಟಿಲ್ಲ. ಬೀಡು ಹಂಚನ್ನು ಸೋಪು ಹಾಕಿ ಉಜ್ಜಿದ್ದರೆ ಪಳಗಿದ ಎಣ್ಣೆಯ ಪದರ ಹೋಗಿರುತ್ತದೆ. ಹಿಂದಿನ ರಾತ್ರಿ ಎಣ್ಣೆ ಸವರಿ ಸಣ್ಣ ಉರಿಯಲ್ಲಿ 10 ನಿಮಿಷ ಕಾಯಿಸಿಡಿ. ಬೆಳಿಗ್ಗೆ ಮೊದಲ ಸರದಿ ಪಡ್ಡನ್ನೇ ಹುಯ್ದು ತೆಗೆಯಿರಿ, ಆಮೇಲೆ ಮೊಟ್ಟೆ. ನೀರು ಚಿಮುಕಿಸಿದರೆ ಚುಂಯ್ ಎಂದು ತಕ್ಷಣ ಆರಬೇಕು, ಆಗ ಗುಳಿಗೆ ಅರ್ಧ ಟೀ ಚಮಚ ಎಣ್ಣೆ ಬಿಟ್ಟು ಮುಕ್ಕಾಲು ಭಾಗ ತುಂಬಿ. ಇಲ್ಲಿ ಮಾತ್ರ ಬೆಣ್ಣೆ ಬೇಡ. ಅದರಲ್ಲಿರುವ ಹಾಲಿನ ಅಂಶ ತಳದಲ್ಲಿ ಸುಟ್ಟು ಅಂಟಿಗೆ ಕಾರಣವಾಗುತ್ತದೆ. ಮುಚ್ಚಿ 2 ನಿಮಿಷ, ತಿರುವಿ 1 ನಿಮಿಷ. ಅಂಚು ತಾನಾಗಿ ಬಿಡುವ ಮೊದಲು ಕಡ್ಡಿ ಹಾಕಬೇಡಿ. 12 ಮೊಟ್ಟೆಗೆ ಸುಮಾರು 40 ಗುಂಡು ಬರುತ್ತವೆ. ಪ್ರತಿ ಗುಳಿಗೂ ಬೇರೆ ಪದಾರ್ಥ ಹಾಕಬಹುದು, ಮಕ್ಕಳಿಗೆ ಅದೇ ಖುಷಿ.

ಪ್ರಶ್ನೆ: ಬೆಳಿಗ್ಗೆ ಗಡಿಬಿಡಿ ಬೇಡ ಅಂತ ಮೊಟ್ಟೆ ಹಿಂದಿನ ರಾತ್ರಿಯೇ ಒಡೆದಿಡಬಹುದಾ? ಬರುವವರಲ್ಲಿ ಮೊಟ್ಟೆ ತಿನ್ನದವರೂ ನಾಲ್ಕು ಜನ ಇದ್ದಾರೆ. ಸ್ಟ್ಯಾಂಡಿಗೆ ಹಿಡಿದ ವಾಸನೆ ಹೇಗೆ ತೆಗೆಯೋದು?
– ಹಿರಿಯೂರು

ಉತ್ತರ: ಮುಚ್ಚಿದ ಡಬ್ಬಿಯಲ್ಲಿ ಫ್ರಿಜ್‌ನಲ್ಲಿಟ್ಟರೆ ಒಂದು ರಾತ್ರಿಗೆ ಏನೂ ಆಗದು. ಹೊರಗೆ ಮಾತ್ರ ಇಡಬೇಡಿ. ಬಿಸಿಲುಕಾಲದಲ್ಲಿ ಒಡೆದ ಮೊಟ್ಟೆ ಒಂದು ಗಂಟೆಗಿಂತ ಹೆಚ್ಚು ಹೊರಗಿರಬಾರದು, ರೋಗಾಣು ಬೇಗ ಬೆಳೆಯುತ್ತದೆ. ಎರಡನೇ ಸರದಿಯ ಪಾತ್ರೆಯನ್ನು ಮೊದಲನೆಯದು ಇಳಿಯುವವರೆಗೂ ಫ್ರಿಜ್‌ನಲ್ಲೇ ಬಿಡಿ. ಬಾಡಿಸಿದ ತರಕಾರಿಯನ್ನು ಅದಕ್ಕೆ ಬೆರೆಸದೆ ಬೇರೆಯೇ ಇಡಿ.

ಮೊಟ್ಟೆ ತಿನ್ನದ ನಾಲ್ವರಿಗೆ ಕಡ್ಲೆಹಿಟ್ಟಿನ ಆಮ್ಲೆಟ್ ಮಾಡಿ. ಒಂದೂವರೆ ಕಪ್ ಕಡ್ಲೆಹಿಟ್ಟು, 3 ದೊಡ್ಡ ಚಮಚ ಅಕ್ಕಿಹಿಟ್ಟು, ಓಮ, ಉಪ್ಪು, ನೀರುದೋಸೆಗಿಂತ ಗಟ್ಟಿಯಾಗಿ ಕಲಸಲು ಬೇಕಾದಷ್ಟು ನೀರು. ಇದು ಹಬೆಗೆ ಒಗ್ಗುವುದಿಲ್ಲ, ಅಂಟಂಟಾಗುತ್ತದೆ. ಬೇರೆ ಕಾವಲಿಯಲ್ಲಿ, ಬೇರೆ ಸೌಟಿನಲ್ಲಿ, ಮೊಟ್ಟೆಗೆ ಕೈ ಹಾಕುವ ಮೊದಲೇ ಅವರದ್ದನ್ನು ಮುಗಿಸಿ ಬಡಿಸಿ.

ಇನ್ನು ಸ್ಟ್ಯಾಂಡು. ಮೊದಲು ತಣ್ಣೀರಿನಲ್ಲಿ ನೆನೆಸಿ. ಬಿಸಿನೀರು ಹೊಯ್ದರೆ ಉಳಿದ ಮೊಟ್ಟೆ ಅಲ್ಲೇ ಬೆಂದು ಕಚ್ಚಿಕೊಳ್ಳುತ್ತದೆ. ತಣ್ಣೀರಿನಲ್ಲಿ ಬಿಟ್ಟುಬಂದ ಮೇಲೆ ಹುಣಸೆಹಣ್ಣು ಇಲ್ಲವೇ ಹಿಂಡಿದ ನಿಂಬೆ ಸಿಪ್ಪೆಯಿಂದ ತಿಕ್ಕಿ, ಆಮೇಲೆ ಸೋಪು, ಬಿಸಿನೀರು. ತಟ್ಟೆ ಕೂರುವ ಕೊಂಡಿಗಳ ಸಂದಿಯನ್ನು ಹಳೆಯ ಬ್ರಷ್‌ನಿಂದ ಉಜ್ಜಿ, ವಾಸನೆ ಉಳಿಯುವುದು ಅಲ್ಲೇ.